ಮುಟ್ಟು ನಿಂತ ಮೇಲೆ ಮೂಳೆ: ಸುಣ್ಣದಂಶದ ಎಂಬತ್ತು ವರ್ಷ

ಮುಟ್ಟು ನಿಂತ ಹೆಂಗಸರ ಬೆನ್ನುಮೂಳೆ ಏಕೆ ಕುಸಿಯುತ್ತದೆ ಎಂಬುದಕ್ಕೆ ಮೊದಲು ಗಟ್ಟಿ ಉತ್ತರ ಕೊಟ್ಟವರು ಬೋಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್. ಈಸ್ಟ್ರೊಜೆನ್ ಕೊರತೆಯೇ ಇದರ ಮೂಲ ಎಂದು ಅವರು 1941ರಲ್ಲಿ ಬರೆದರು. ಮೂಳೆ ಸದಾ ಕರಗುತ್ತ, ಸದಾ ಕಟ್ಟಿಕೊಳ್ಳುತ್ತ ಇರುವ ಅಂಗಾಂಶ. ಕರಗಿಸುವ ಜೀವಕೋಶಗಳನ್ನು ಈಸ್ಟ್ರೊಜೆನ್ ತಡೆದಿಟ್ಟಿರುತ್ತದೆ. ಅದು ಇಳಿದಾಗ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಮೊದಲ ಕೆಲವು ವರ್ಷಗಳಲ್ಲೇ ನಷ್ಟ ಹೆಚ್ಚು. ಇಷ್ಟರ ಬಗ್ಗೆ ಇಂದು ತಕರಾರಿಲ್ಲ. ತಕರಾರು ನಡೆದದ್ದು ಊಟದಲ್ಲಿನ ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂನ ಬಗ್ಗೆ.

ಅಮೆರಿಕದ ಒಮಾಹಾದಲ್ಲಿ ರಾಬರ್ಟ್ ಹೀನಿ ಕ್ರೈಸ್ತ ಸನ್ಯಾಸಿನಿಯರು ತಿಂದ ಕ್ಯಾಲ್ಸಿಯಂ ಎಷ್ಟು, ದೇಹದಿಂದ ಹೊರಹೋದದ್ದು ಎಷ್ಟು ಎಂದು ವರ್ಷಗಟ್ಟಲೆ ಅಳೆದರು. ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1,500 ಮಿಲಿಗ್ರಾಂ ಬೇಕು ಎಂಬುದು ಎಪ್ಪತ್ತರ ದಶಕದ ಕೊನೆಗೆ ಅವರು ತಲುಪಿದ ಲೆಕ್ಕ. 1979ರಲ್ಲಿ ಯುಗೊಸ್ಲಾವಿಯಾದ ಎರಡು ಪ್ರದೇಶಗಳ ಹೋಲಿಕೆ ಪ್ರಕಟವಾಯಿತು. ಹಾಲು-ಮೊಸರು ಧಾರಾಳವಾಗಿದ್ದ ಕಡೆ ಸೊಂಟದ ಮೂಳೆ ಮುರಿತ ಕಡಿಮೆ. ಆದರೆ ಎರಡೂ ಕಡೆಯವರ ಮೂಳೆಯ ಪ್ರಮಾಣದಲ್ಲಿದ್ದ ವ್ಯತ್ಯಾಸ ಯೌವನದಲ್ಲೇ ಮೂಡಿತ್ತು. ವಯಸ್ಸಾದಂತೆ ಸವೆಯುವ ವೇಗದಲ್ಲಿ ಭೇದವಿರಲಿಲ್ಲ. ನನ್ನ ಮಟ್ಟಿಗೆ ಈ ಸೂಕ್ಷ್ಮಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. 1984ರಲ್ಲಿ ಅಮೆರಿಕದ ತಜ್ಞರ ಸಮ್ಮೇಳನವೊಂದು 1,000ದಿಂದ 1,500 ಮಿಲಿಗ್ರಾಂ ಎಂದು ಸಾರಿದ ಮೇಲೆ ಮಾತ್ರೆಗಳ ಕಾಲ ಶುರುವಾಯಿತು.

1987ರಲ್ಲೇ ಡೆನ್ಮಾರ್ಕಿನಿಂದ ನಿರಾಶೆಯ ಸುದ್ದಿ ಬಂತು. ಆಗಷ್ಟೇ ಮುಟ್ಟು ನಿಂತವರಿಗೆ ದಿನಕ್ಕೆ 2,000 ಮಿಲಿಗ್ರಾಂ ಕೊಟ್ಟರೂ ಬೆನ್ನುಮೂಳೆಯ ಸವೆತ ನಿಲ್ಲಲಿಲ್ಲ. ಇದರ ಗುಟ್ಟನ್ನು ಬಿಡಿಸಿದ್ದು 1990ರಲ್ಲಿ ಬೆಸ್ ಡಾಸನ್-ಹ್ಯೂಸ್ ಮತ್ತು ಸಂಗಡಿಗರ ಅಧ್ಯಯನ. ಮುಟ್ಟು ನಿಂತು ಐದು ವರ್ಷ ದಾಟದವರಿಗೆ ಕ್ಯಾಲ್ಸಿಯಂನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಆರು ವರ್ಷ ಕಳೆದವರಲ್ಲಿ, ಅದೂ ಊಟದಿಂದ 400 ಮಿಲಿಗ್ರಾಂಗಿಂತ ಕಡಿಮೆ ಪಡೆಯುತ್ತಿದ್ದವರಲ್ಲಿ, ಸವೆತ ಸ್ಪಷ್ಟವಾಗಿ ತಗ್ಗಿತು. ಅಂದರೆ ಯಾರಿಗೆ ಕೊರತೆಯಿದೆಯೋ ಅವರಿಗೆ ಫಲ. ಈ ಕ್ಷೇತ್ರದ ಗೊಂದಲಗಳನ್ನೆಲ್ಲ ಈ ಒಂದು ಮಾತು ಹಿಡಿದು ಓದಬಹುದು ಎಂದು ನಾನು ನಂಬಿದ್ದೇನೆ.

1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ 3,270 ಅಜ್ಜಿಯರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಾಗ ಹದಿನೆಂಟು ತಿಂಗಳಲ್ಲಿ ಸೊಂಟದ ಮೂಳೆ ಮುರಿತ ಶೇ 43ರಷ್ಟು ಇಳಿಯಿತು. 2006ರಲ್ಲಿ ಅಮೆರಿಕದ 36,282 ಮಹಿಳೆಯರ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಿತು. ಮೊದಲಿನವರು ಬಿಸಿಲು ಕಾಣದೆ, ಕಡಿಮೆ ತಿಂದು ಬದುಕಿದ್ದವರು. ಎರಡನೆಯವರಿಗೆ ಪ್ರಯೋಗಕ್ಕೆ ಮೊದಲೇ ಸರಾಸರಿ 1,100 ಮಿಲಿಗ್ರಾಂಗಿಂತ ಹೆಚ್ಚು ಸಿಗುತ್ತಿತ್ತು.

ಆ ಎರಡನೆಯ ಫಲಿತಾಂಶವನ್ನು ನಮ್ಮ ಹೆಂಗಸರಿಗೆ ಹಾಗೇ ಅನ್ವಯಿಸುವುದು ಅನ್ಯಾಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಕುಟುಂಬದ ಮಹಿಳೆಯರ ಊಟದಲ್ಲಿದ್ದ ಕ್ಯಾಲ್ಸಿಯಂ 300 ಮಿಲಿಗ್ರಾಂ ಕೂಡ ಇರಲಿಲ್ಲ. ಸುಮಾರು ಅದೇ ಹೊತ್ತಿಗೆ ತಿರುಪತಿಯ ಅಧ್ಯಯನವೊಂದರಲ್ಲಿ, ವರ್ಷವಿಡೀ ಬಿಸಿಲಿರುವ ಊರಲ್ಲೂ, ಮುಟ್ಟು ನಿಂತ ಬಹುಪಾಲು ಮಹಿಳೆಯರಿಗೆ ವಿಟಮಿನ್ ಡಿ ಸಾಲದೆಂದು ತಿಳಿದುಬಂತು. ಮೇಲಾಗಿ ನಮ್ಮಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ಕ್ಕೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಬೇಗ.

ಸಂಶೋಧನೆ ಈಗ ಮತ್ತೆ ಊಟದ ಕಡೆ ಹೊರಳಿದೆ. 2021ರಲ್ಲಿ ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳ ಪ್ರಯೋಗದ ಫಲಿತಾಂಶ ಹೊರಬಂತು. ಅರ್ಧದಷ್ಟು ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದ್ದರಿಂದ ಮೂಳೆ ಮುರಿತ ಶೇ 33ರಷ್ಟು ತಗ್ಗಿತ್ತು. ಅಲ್ಲಿ ಹೆಚ್ಚಿದ್ದು ಕ್ಯಾಲ್ಸಿಯಂ ಒಂದೇ ಅಲ್ಲ, ಪ್ರೋಟೀನೂ ಹೌದು. ಪ್ರೋಟೀನು ಮೂಳೆಯ ಸುಣ್ಣವನ್ನು ಹೀರುತ್ತದೆಂಬ ಹಳೆಯ ಭಯ ಈಗ ಬಹುಮಟ್ಟಿಗೆ ಕರಗಿದೆ.

ನಮ್ಮ ಲೆಕ್ಕ ರಾಗಿಯಿಂದ ಶುರುವಾಗಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ. ಅದರಲ್ಲಿನ ಫೈಟೇಟ್ ಕ್ಯಾಲ್ಸಿಯಂ ಹೀರುವಿಕೆಗೆ ಅಡ್ಡಿ ಮಾಡುತ್ತದೆ ನಿಜ, ಮೊಳಕೆ ಬರಿಸಿದರೆ ಅಥವಾ ಅಂಬಲಿಯಾಗಿ ಹುಳಿ ಬರಿಸಿದರೆ ಅದು ಇಳಿಯುತ್ತದೆ. ದಿನಕ್ಕೆ ನೂರು ಗ್ರಾಂ ರಾಗಿಹಿಟ್ಟು, ಎರಡು ಲೋಟ ಹಾಲು ಅಥವಾ ಮೊಸರು ಸೇರಿದರೆ 800 ಮಿಲಿಗ್ರಾಂ ಹತ್ತಿರವಾಗುತ್ತದೆ. ತಜ್ಞರು ಹೇಳಿದ ಕನಿಷ್ಠ 1,000 ಮಿಲಿಗ್ರಾಂ ಮುಟ್ಟಲು ಉಳಿದದ್ದಕ್ಕೆ ಎಳ್ಳು, ನುಗ್ಗೆಸೊಪ್ಪು. ಪಾಲಕ್ ನೆಚ್ಚಬಾರದು, ಅದರ ಆಕ್ಸಲೇಟ್ ಸುಣ್ಣವನ್ನು ಬಿಟ್ಟುಕೊಡುವುದಿಲ್ಲ.

ಕರ್ನಾಟಕದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ ಬಸುರಿ-ಬಾಣಂತಿಯರಿಗಿದೆ, ಮುಟ್ಟು ನಿಂತ ಕೂಲಿ ಹೆಂಗಸಿಗಿಲ್ಲ. ಆಸ್ಟ್ರೇಲಿಯಾದ ಪ್ರಯೋಗವನ್ನು ರಾಗಿ, ಹಾಲು, ಮೊಟ್ಟೆ ಇಟ್ಟುಕೊಂಡು ಇಂಥ ಹೆಂಗಸರ ನಡುವೆಯೇ ಮಾಡಬೇಕು, ಮೂಳೆಯ ಸಾಂದ್ರತೆಯ ಜೊತೆಗೆ ಮುರಿತಗಳನ್ನೂ ಎಣಿಸಬೇಕು.