ಮನೆಯ ಮೂರನೆಯ ತಂತಿ

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ವಾಲ್ವಿನ ರೇಡಿಯೋ ಇದ್ದಿದ್ದರೆ, ಅದರ ಬೆನ್ನಿನಲ್ಲಿದ್ದ ಎರಡು ತಿರುಪುಗಳು ನಿಮಗೆ ನೆನಪಿರಬಹುದು. ಒಂದಕ್ಕೆ ಮಾಡಿನಿಂದ ಇಳಿದು ಬರುವ ಏರಿಯಲ್ ತಂತಿ. ಇನ್ನೊಂದಕ್ಕೆ ಕಿಟಕಿಯಿಂದ ಹೊರಗೆ ಹೋಗಿ ಒದ್ದೆ ಮಣ್ಣಿನಲ್ಲಿ ಹೂತುಹೋಗುವ ಅರ್ತ್ ತಂತಿ. ಹಾಡು ಸ್ಪಷ್ಟವಾಗಿ ಕೇಳಲೆಂದು ಬೇಸಗೆಯಲ್ಲಿ ಆ ತಂತಿಯ ಬುಡಕ್ಕೆ ಚೊಂಬು ನೀರು ಹೊಯ್ಯುವ ಪದ್ಧತಿಯೂ ಇದ್ದಿತು. ದೀಪಕ್ಕೆ ಎರಡೇ ತಂತಿ ಸಾಕಾಗಿದ್ದ ಕಾಲದಲ್ಲಿ ರೇಡಿಯೋ ಮೂರನೆಯದೊಂದನ್ನು ಬೇಡಿತು. ಇಂದು ಮಾಡಿನ ಮೇಲೆ ಸೌರ ಫಲಕಗಳೂ ಅಂಗಳದಲ್ಲಿ ವಿದ್ಯುತ್ ಕಾರೂ ಬಂದಿರುವಾಗ, ಆ ಮೂರನೆಯ ತಂತಿಯ ಕಥೆಯನ್ನು ನಿಮಗೆ ಹೇಳಬೇಕಾಗಿದೆ.

ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿ ಮೊದಲು ಬಂದದ್ದು ಮನೆಗಳಿಗಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ಶಕ್ತಿ ಸುಮಾರು 92 ಮೈಲು ದೂರ ಸಾಗಿ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷ ರಾಜ್ಯದ ವಿದ್ಯುತ್ ಮಂಡಳಿ ಸ್ಥಾಪಿತವಾಯಿತು. ಆ ಮಂಡಳಿ ರೂಪಾಂತರಗೊಂಡು, 2002ರಲ್ಲಿ ನಮ್ಮ ಭಾಗದ ವಿತರಣೆ ಮೆಸ್ಕಾಂ ಕಂಪನಿಗೆ ಬಂದಿತು.

ದೀಪ ಬಂದ ಕಾಲದ ಮನೆಯ ತಂತಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ರಬ್ಬರು ಹೊದಿಸಿದ ಜೋಡಿ ತಂತಿ, ಕೊನೆಗೆ ಕರಿಯ ಗುಂಡು ಸ್ವಿಚ್ಚು. ಬಾಗಿಲ ಮೇಲೆ ಪಿಂಗಾಣಿಯ ಫ್ಯೂಸು. 60 ವಾಟಿನ ಒಂದು ಬಲ್ಬು ಎಳೆಯುವುದು ಕಾಲು ಆಂಪಿಯರ್‌ಗಿಂತ ತುಸು ಹೆಚ್ಚು, ಅಷ್ಟೇ. ನಾಲ್ಕಾರು ದೀಪಗಳ ಮನೆಗೆ ಆ ತಂತಿ ಧಾರಾಳವಾಗಿದ್ದಿತು. ಅದನ್ನು ಹಾಕಿದವರು ತಪ್ಪು ಮಾಡಲಿಲ್ಲ. ಆದರೆ ಮನೆಯ ತಂತಿ ಯಾವಾಗಲೂ ಅದನ್ನು ಹಾಕಿಸಿದ ತಲೆಮಾರಿನ ಅಗತ್ಯಕ್ಕೆ ತಕ್ಕದ್ದು. ಅದರಿಂದ ದುಡಿಸಿಕೊಳ್ಳುವುದು ಮುಂದಿನ ತಲೆಮಾರು. ತೊಂದರೆಯ ಮೂಲ ಇಲ್ಲಿಯೇ ಇದೆ.

ಎರಡನೆಯ ಹಂತದಲ್ಲಿ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ರಿಜ್ಜು, ಬಚ್ಚಲಿನ ಗೀಸರು, ಅಡಕೆ ತೋಟದ ಪಂಪು ಬಂದವು. ಇವೆಲ್ಲ ಲೋಹದ ಮೈಯುಳ್ಳವು. ಒಳಗಿನ ತಂತಿಯ ಹೊದಿಕೆ ಸವೆದು ಮೈಗೆ ತಗುಲಿತೆಂದರೆ, ಮುಟ್ಟಿದವರ ಗತಿ ಏನು? ಅದಕ್ಕಾಗಿಯೇ ಮೂರನೆಯ ತಂತಿ. ಅದು ಯಂತ್ರದ ಮೈಯನ್ನು ನೆಲಕ್ಕೆ ಕಟ್ಟಿಹಾಕುತ್ತದೆ. ತಪ್ಪಿಬಂದ ವಿದ್ಯುತ್ತು ನಿಮ್ಮ ಮೈಯನ್ನು ಹುಡುಕದೆ ಆ ದಾರಿಯನ್ನು ಹಿಡಿಯುತ್ತದೆ. ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪನೆಯ ಉದ್ದ ಕಾಲು ಇದರದೇ. ಮೊದಲು ತಗುಲಿ ಕೊನೆಗೆ ಬಿಡಲೆಂದೇ ಅದು ಉದ್ದವಾಗಿದೆ. ಅದನ್ನು ಕಿತ್ತು ಎರಡು ತೂತಿನ ಸಾಕೆಟ್ಟಿಗೆ ತುರುಕುವವರು ತಮ್ಮ ಕಾವಲುಗಾರನನ್ನೇ ಮನೆಯಿಂದ ಅಟ್ಟಿದಂತೆ. 1956ರ ಇಂಡಿಯನ್ ಎಲೆಕ್ಟ್ರಿಸಿಟಿ ನಿಯಮಗಳು ಅರ್ತ್ ಬೇಕೆಂದೂ, ವೈರಿಂಗನ್ನು ಪರವಾನಗಿ ಪಡೆದ ಕಂಟ್ರಾಕ್ಟರರೇ ಮಾಡಬೇಕೆಂದೂ ವಿಧಿಸಿದ್ದುವು.

ಇಲ್ಲಿ ನಮ್ಮ ನೆಲದ ಗುಣವನ್ನೂ ಹೇಳಬೇಕು. ಮೆಲ್ಕಾರಿನಿಂದ ಮುಡಿಪಿನ ಕಡೆಗೆ ಹೋದರೂ ಸರಿ, ಮೂಡುಬಿದಿರೆಯ ಕಡೆಗೆ ಹೋದರೂ ಸರಿ, ಗುಡ್ಡದ ಮೇಲಿನ ಮನೆಗಳು ನಿಂತಿರುವುದು ಮುರಕಲ್ಲಿನ ಮೇಲೆ. ಮಳೆಗಾಲದಲ್ಲಿ ಅದು ನೀರು ಕುಡಿದು ತಂಪಾಗಿರುತ್ತದೆ. ಎಪ್ರಿಲ್ ತಿಂಗಳಿಗೆ ಒಣಗಿ ಬರಿಯ ಕಲ್ಲಾಗುತ್ತದೆ. ಒಣ ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. ಆಟಿಯ ಮಳೆಯಲ್ಲಿ ಅರ್ತನ್ನು ಅಳೆದು ಸರಿಯಿದೆ ಎಂದವನ ಮಾತನ್ನು ನಂಬಿ ಕುಳಿತಿರಬೇಡಿ. ಸುಡುಬೇಸಗೆಯಲ್ಲಿ ಅಳೆಸಿರಿ.

ಫ್ಯೂಸು ಇದೆಯಲ್ಲ ಎನ್ನುವಿರಾ? ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರಿನ ಫ್ಯೂಸು ಕರಗುವುದಕ್ಕೆ ಬಹು ಮೊದಲೇ ಜೀವ ಹೋಗಿರುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಪ್ರಾಧ್ಯಾಪಕರು, ಎಷ್ಟು ವಿದ್ಯುತ್ತು ಹರಿದರೆ ಹಿಡಿದ ಕೈ ಬಿಡಲಾರದೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಆಂಪಿಯರಿನ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿಯೇ ಕೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ! 1961ರಲ್ಲಿ ಅವರು ಸೋರಿಕೆಯನ್ನು ಕಂಡೊಡನೆ ಪ್ರವಾಹವನ್ನು ಕಡಿಯುವ ಸಾಧನವೊಂದನ್ನು ರೂಪಿಸಿದರು. ಇಂದು ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಆ ವಂಶದ್ದು. ಹೋದಷ್ಟೇ ವಿದ್ಯುತ್ತು ಹಿಂದಿರುಗಿತೆ ಎಂದು ಅದು ಸದಾ ಲೆಕ್ಕವಿಡುತ್ತದೆ. ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಅದು ಅರ್ತಿಗೆ ಬದಲಿಯಲ್ಲ, ಜೊತೆಗಾರ.

ಈಗ ಮೂರನೆಯ ಹಂತ. ಬೆಂಗಳೂರಿನ ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂದಾಗ, ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಅದಕ್ಕೆ ಚಾರ್ಜು ತುಂಬಬಹುದಾಗಿದ್ದಿತು. ಇಂದಿನ ಕಾರುಗಳ ಸಣ್ಣ ಚಾರ್ಜರೂ ಸುಮಾರು 3.3 ಕಿಲೋವಾಟ್ ಬೇಡುತ್ತದೆ. ಅಂದರೆ 14 ಆಂಪಿಯರಿಗೂ ಮೇಲು. ಗೀಸರೂ ಸುಮಾರು ಅಷ್ಟನ್ನೇ ಎಳೆಯುವುದಿಲ್ಲವೆ ಎಂದು ನೀವು ಕೇಳಬಹುದು. ಎಳೆಯಬಹುದು, ಆದರೆ ಕಾಲು ಗಂಟೆ. ಕಾರು ಎಳೆಯುವುದು ಇಡೀ ರಾತ್ರಿ, ಮನೆಮಂದಿ ನಿದ್ರಿಸುವಾಗ. ಪ್ರವಾಹ ಇಮ್ಮಡಿಯಾದರೆ ಸಡಿಲ ಕೀಲಿನ ಕಾವು ನಾಲ್ಕು ಮಡಿಯಾಗುತ್ತದೆ. ದಿನದಿನವೂ ಕಾದು ಆರಿದ ಸಾಕೆಟ್ಟು ಮೊದಲು ಹಳದಿಯಾಗುತ್ತದೆ, ಆಮೇಲೆ ಕಮಟು ವಾಸನೆ ಬರುತ್ತದೆ. ಆ ವಾಸನೆಯನ್ನು ಅಲಕ್ಷಿಸಬೇಡಿ.

ಅರ್ತ್ ಇಲ್ಲದ ಕಡೆ ಅನೇಕ ಚಾರ್ಜರುಗಳು ಕೆಲಸವನ್ನೇ ಮಾಡುವುದಿಲ್ಲ. ಆಗ ಕೆಲವರು ನ್ಯೂಟ್ರಲ್ ತಂತಿಯನ್ನೇ ಮೂರನೆಯ ತೂತಿಗೆ ಜೋಡಿಸಿ ಯಂತ್ರವನ್ನು ವಂಚಿಸುವುದುಂಟು. ಇದು ಜಾಣತನವಲ್ಲ, ಅಪಾಯ. ಎಲ್ಲಾದರೂ ಆ ನ್ಯೂಟ್ರಲ್ ಕಡಿದುಹೋದರೆ ಕಾರಿನ ಮೈಗೇ ವಿದ್ಯುತ್ತು ಬರುತ್ತದೆ. ಮಳೆಯಲ್ಲಿ ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ಮುಟ್ಟುವವರು ನಿಮ್ಮ ಮಕ್ಕಳು.

ಸೂರ್ಯನ ಕಥೆ ಬೇರೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನಿನ ಸೌರಕೋಶವನ್ನು ಪ್ರಕಟಿಸಿದರು. ನಮ್ಮ ಸೀಮೆಗೆ ಅದು ಬಡವರ ದೀಪವಾಗಿಯೂ ಬಂದಿತು: ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಸೌರದೀಪ ಮುಂತಾದವುಗಳಿಗೆ ಸಾಲ ಒದಗಿಸಿದ್ದಕ್ಕಾಗಿ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಗೆ ಪಾತ್ರವಾಯಿತು. 12 ವೋಲ್ಟಿನ ಆ ದೀಪದ ತಂತಿ ಮುಟ್ಟಿದರೆ ಹೆದರಬೇಕಾಗಿರಲಿಲ್ಲ. ಆದರೆ 2024ರಲ್ಲಿ ಕೇಂದ್ರ ಸರಕಾರ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಘೋಷಿಸಿದ ಮೇಲೆ ಮಾಡಿಗೇರುತ್ತಿರುವುದು ಬೇರೆಯೇ ಜಾತಿ. ಸುಮಾರು 40 ವೋಲ್ಟಿನ ಹತ್ತು ಫಲಕಗಳನ್ನು ಸಾಲಾಗಿ ಜೋಡಿಸಿದರೆ 400 ವೋಲ್ಟು! ಅದೂ ಏಕಮುಖ ಪ್ರವಾಹ. ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಇದರ ಕಿಡಿ ಹಾಗೆ ಆರದು. ಸಾಮಾನ್ಯ ಸ್ವಿಚ್ಚು ಇದಕ್ಕೆ ಸಲ್ಲದು; ಡಿಸಿಗೆಂದೇ ಮಾಡಿದ್ದು ಬೇಕು. ಮೈನ್ ಸ್ವಿಚ್ಚು ಇಳಿಸಿದರೂ ಬಿಸಿಲು ಇರುವಷ್ಟು ಹೊತ್ತು ಫಲಕದ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ಕರೆಂಟು ಹೋದಾಗ ಸೌರದ ಇನ್ವರ್ಟರು ತಾನಾಗಿ ನಿಲ್ಲುವುದನ್ನು ಕಂಡು ಮೋಸಹೋದೆವೆಂದು ಬೇಸರಪಡುವವರಿದ್ದಾರೆ. ಅದು ನಿಲ್ಲುವುದು ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕಾಗಿ. ನಿಮ್ಮ ಮಾಡಿನ ವಿದ್ಯುತ್ತು ಬೀದಿಯ ತಂತಿಗೆ ಹಿಮ್ಮುಖವಾಗಿ ಹರಿದರೆ ಅವನ ಗತಿ ಏನಾದೀತು, ನೀವೇ ಯೋಚಿಸಿ.

ಆದುದರಿಂದ ಹೊಸದನ್ನು ತರುವ ಮುನ್ನ ಹಳೆಯದನ್ನು ತೆಗೆದು ನೋಡಿಸಿರಿ. ಮಂಜೂರಾದ ಲೋಡು ಸಾಲದಿದ್ದರೆ ಏರಿಸಿಕೊಳ್ಳಿರಿ. ಕಾರಿಗೆ ಮೀಟರಿನ ಬಳಿಯಿಂದಲೇ ಪ್ರತ್ಯೇಕ ತಂತಿ ಎಳೆಸಿರಿ. 16 ಆಂಪಿಯರಿಗೆ ಸಾಮಾನ್ಯವಾಗಿ 4 ಚದರ ಮಿಲಿಮೀಟರಿನ ತಾಮ್ರ, 7 ಕಿಲೋವಾಟಿಗೆ 6 ಅಥವಾ ಹೆಚ್ಚು. ಕಾರಿಗೆ ಒಗ್ಗುವ ಬಗೆಯದೇ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಪರೀಕ್ಷೆಯ ಗುಂಡಿ ಒತ್ತಿರಿ. ಸಿಡಿಲಿನ ನಾಡಾದುದರಿಂದ ಫಲಕಕ್ಕೆ ಸರ್ಜ್ ಅರೆಸ್ಟರೂ ಇರಲಿ. ಉದ್ದದ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಕಾರಿಗೆ ಚಾರ್ಜು ಹಾಕಲೇಬೇಡಿ.

ಹಿರಿಯರು ಹಾಡು ಕೇಳುವ ಆಸೆಯಿಂದ ಅರ್ತಿನ ಬುಡಕ್ಕೆ ನೀರು ಹೊಯ್ದರು. ಮುಂದಿನ ಬೇಸಗೆಯಲ್ಲಿ ನೀವೂ ಒಂದು ಕೊಡ ನೀರು ಹೊಯ್ಯಿರಿ. ಅಳೆಯುವವನನ್ನೂ ಅದೇ ವಾರ ಕರೆಸಿರಿ.