ಹದಿಹರೆಯದ ಎಚ್‌ಐವಿ ಮತ್ತು ಮೂಳೆ: ಪೂರಕಗಳ ಚರಿತ್ರೆ

ಎಚ್‌ಐವಿ ಸೋಂಕಿನೊಂದಿಗೆ ಹುಟ್ಟಿದ ಮಕ್ಕಳ ಮೂಳೆಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಡಬೇಕೆ ಎಂಬ ಪ್ರಶ್ನೆ ಎದ್ದದ್ದು ತಡವಾಗಿ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಚಿಕಿತ್ಸೆ ಬಂದು ಇಂಥ ಮಕ್ಕಳು ಹದಿಹರೆಯ ಮುಟ್ಟುವಂತಾದ ಮೇಲೆ ಮೂಳೆಯ ಮಾತು ಬಂದಿತು.

ಪೂರಕಗಳ ಚರಿತ್ರೆ ಎಚ್‌ಐವಿಗಿಂತ ಬಹಳ ಹಳೆಯದು. ಯುರೋಪಿನ ಹೊಗೆ ಕವಿದ ಕೈಗಾರಿಕಾ ನಗರಗಳಲ್ಲಿ ರಿಕೆಟ್ಸ್ ಮಕ್ಕಳ ಕಾಲುಗಳನ್ನು ಬಿಲ್ಲಿನಂತೆ ಬಾಗಿಸುತ್ತಿತ್ತು. ಕಾಡ್ ಮೀನೆಣ್ಣೆ ಕುಡಿಸಿದರೆ ಗುಣ ಕಾಣುತ್ತದೆಂದು 19ನೇ ಶತಮಾನದ ವೈದ್ಯರಿಗೆ ಗೊತ್ತಿತ್ತು; ಕಾರಣ ಗೊತ್ತಿರಲಿಲ್ಲ. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಪಾದರಸ ದೀಪದ ನೇರಳಾತೀತ ಬೆಳಕಿನಿಂದಲೇ ರಿಕೆಟ್ಸ್ ವಾಸಿ ಮಾಡಿ ತೋರಿಸಿದ. ಅದೇ ಹೊತ್ತಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಲ್ಲಿ ಆಹಾರದಿಂದ ರಿಕೆಟ್ಸ್ ಬರಿಸಿ, ಮೀನೆಣ್ಣೆಯಿಂದ ತಡೆದಿದ್ದ. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಎಣ್ಣೆಯಲ್ಲಿದ್ದ ರಿಕೆಟ್ಸ್ ತಡೆಯುವ ಅಂಶ ವಿಟಮಿನ್ ಎ ಅಲ್ಲ, ಬೇರೆಯದೇ ಎಂದು ತೋರಿಸಿದ. ಅದಕ್ಕೆ ವಿಟಮಿನ್ ಡಿ ಎಂಬ ಹೆಸರಾಯಿತು. ಕರುಳು ಆಹಾರದ ಕ್ಯಾಲ್ಸಿಯಂ ಹೀರಿಕೊಳ್ಳಲು ಇದು ಬೇಕು.

ಎಚ್‌ಐವಿಗೆ ಮೊದಲ ಔಷಧ ಜಿಡೊವುಡಿನ್ 1987ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. 1996ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಎಆರ್‌ಟಿ ಬಂದು ಸಾವು ಇಳಿಯಿತು. ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭಿಸಿದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಇಷ್ಟರೊಳಗೆ, 2000ದಲ್ಲೇ, ಚಿಕಿತ್ಸೆ ಪಡೆಯುತ್ತಿದ್ದ ವಯಸ್ಕರ ಮೂಳೆ ಸಾಂದ್ರತೆ ಕುಗ್ಗುತ್ತಿದೆಯೆಂಬ ವರದಿ ಪ್ರಕಟವಾಗಿತ್ತು. ಮರುವರ್ಷ ಎಚ್‌ಐವಿ ಔಷಧ ಟೆನೊಫೊವಿರ್ ಬಳಕೆಗೆ ಬಂತು. ಇದು ಮೂಳೆಗೆ ಬೇಕಾದ ಫಾಸ್ಫೇಟನ್ನು ಮೂತ್ರಪಿಂಡ ಮರಳಿ ಹೀರುವುದಕ್ಕೆ ಅಡ್ಡಿಯಾಗಬಲ್ಲದು. ಜೊತೆಗೆ ಕೊಡುತ್ತಿದ್ದ ಎಫವಿರೆಂಜ್ ದೇಹದಲ್ಲಿನ ವಿಟಮಿನ್ ಡಿಯನ್ನು ಬೇಗ ಕರಗಿಸುತ್ತದೆ.

ವಯಸ್ಕರಿಗಿಂತ ಹದಿಹರೆಯದವರಿಗೆ ಇದರ ಪೆಟ್ಟು ಹೆಚ್ಚು. ಎತ್ತರ ವೇಗವಾಗಿ ಏರುವ ಎರಡು ವರ್ಷಗಳಲ್ಲೇ ಪ್ರೌಢ ವಯಸ್ಸಿನ ಮೂಳೆ ಖನಿಜದ ಸುಮಾರು ಕಾಲು ಭಾಗ ಕೂಡಿಕೊಳ್ಳುತ್ತದೆ. ಹುಟ್ಟಿನಿಂದ ಸೋಂಕಿರುವ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದೂ ಮೈನೆರೆಯುವುದು ತಡವಾಗುವುದೂ ಸಾಮಾನ್ಯ. ಆ ವರ್ಷಗಳಲ್ಲಿ ಕೂಡದ ಮೂಳೆಯ ಕೊರತೆ ಮುಪ್ಪಿನಲ್ಲಿ ಮೂಳೆಮುರಿತವಾಗಿ ಕಾಣಿಸಿಕೊಳ್ಳಬಹುದು.

ಪೂರಕಗಳು ನೆರವಾಗುತ್ತವೆಯೇ ಎಂದು ಒರೆಗೆ ಹಚ್ಚಿದ್ದು ಮೊದಲು ಅಮೆರಿಕದಲ್ಲಿ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟೆನೊಫೊವಿರ್ ಇರುವ ಚಿಕಿತ್ಸೆ ಆರಂಭಿಸಿದ 165 ವಯಸ್ಕರ ಪೈಕಿ ಒಂದು ಗುಂಪಿಗೆ ದಿನಕ್ಕೆ 4,000 ಐಯು (ಅಂತರರಾಷ್ಟ್ರೀಯ ಯೂನಿಟ್) ವಿಟಮಿನ್ ಡಿ3 ಹಾಗೂ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡಲಾಯಿತು. 48 ವಾರಗಳಲ್ಲಿ ಸೊಂಟದ ಮೂಳೆಯ ಸವಕಳಿ ಸುಮಾರು ಅರ್ಧಕ್ಕೆ ಇಳಿಯಿತು, ನಿಲ್ಲಲಿಲ್ಲ. 16ರಿಂದ 24 ವಯಸ್ಸಿನವರಲ್ಲಿ ವಿಟಮಿನ್ ಡಿ ಪರೀಕ್ಷಿಸಿದ ಮತ್ತೊಂದು ಅಧ್ಯಯನದಲ್ಲಿ ಬೆನ್ನುಮೂಳೆಯ ಸಾಂದ್ರತೆ ತುಸು ಏರಿದರೂ, ಹೋಲಿಕೆಯ ಗುಂಪಿಗಿಂತ ಖಚಿತವಾಗಿ ಹೆಚ್ಚೆಂದು ಹೇಳುವಷ್ಟು ಅಂತರ ಸಿಗಲಿಲ್ಲ.

ಎಚ್‌ಐವಿ ಇರುವ ಹದಿಹರೆಯದವರಲ್ಲಿ ಬಹುಪಾಲು ಮಂದಿ ಇರುವುದು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ. ಅಲ್ಲಿನ ಊಟವನ್ನೇ ನೋಡಿ: ಜಿಂಬಾಬ್ವೆಯ ಸಡ್ಜಾ, ಜಾಂಬಿಯಾದ ನ್ಶಿಮಾ ಎರಡೂ ಮುದ್ದೆಗಳೇ. ಆದರೆ ಸಾಮಾನ್ಯವಾಗಿ ಮುಸುಕಿನ ಜೋಳದ ಹಿಟ್ಟಿನವು. ಕರ್ನಾಟಕದ ಮುದ್ದೆಯ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಮುಸುಕಿನ ಜೋಳದಲ್ಲಿ ಇರುವುದು ಅತ್ಯಲ್ಪ. ಈ ಎರಡು ದೇಶಗಳ ರಾಜಧಾನಿಗಳಾದ ಹರಾರೆ ಮತ್ತು ಲುಸಾಕಾಗಳಲ್ಲಿ 11ರಿಂದ 19 ವಯಸ್ಸಿನ 842 ಮಂದಿಯ ಮೇಲೆ ನಡೆದ ವೈಟಾಲಿಟಿ ಅಧ್ಯಯನ ವಿಟಮಿನ್ ಡಿಯ ಜೊತೆಗೆ ಕ್ಯಾಲ್ಸಿಯಮ್ಮನ್ನೂ ಸೇರಿಸಿತು: ವಾರಕ್ಕೆ 20,000 ಐಯು ಡಿ3, ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, 48 ವಾರ.

ಪೂರಕ ತುಂಬುವುದು ಆಹಾರ ಮತ್ತು ಬಿಸಿಲಿನ ಕೊರತೆಯನ್ನು. ಮೂತ್ರಪಿಂಡದಲ್ಲಿ ಔಷಧ ತರುವ ಅಡ್ಡಿಯನ್ನು ಅದು ತೆಗೆಯಲಾರದು. ಆ ಕಾರಣಕ್ಕೆ ಟೆನೊಫೊವಿರ್‌ನ ಮತ್ತೊಂದು ರೂಪ, ರಕ್ತದಲ್ಲಿ ಕಡಿಮೆ ಪ್ರಮಾಣದಲ್ಲಿ ಉಳಿದು ಮೂಳೆಗೆ ಕಡಿಮೆ ಹಾನಿ ಮಾಡುವಂಥದ್ದು, 2015ರಲ್ಲಿ ಬಳಕೆಗೆ ಬಂತು. ಎಫವಿರೆಂಜ್‌ನ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ. ಆದರೆ ಬಹುತೇಕ ದೇಶಗಳು ಹಂಚುವ ದಿನಕ್ಕೊಂದು ಮಾತ್ರೆಯಲ್ಲಿ ಅಗ್ಗದ ಹಳೆಯ ಟೆನೊಫೊವಿರ್ ಇನ್ನೂ ಇದೆ.