ಮೋಟಾರು ಡ್ರೈವುಗಳ ಶಕ್ತಿ ಟ್ರಾನ್ಸಿಸ್ಟರುಗಳ ಪರೀಕ್ಷೆ

ಪ್ರೇರಣ ಮೋಟಾರಿನ ವೇಗವನ್ನು ಇಷ್ಟಾನುಸಾರ ಏರಿಳಿಸುವ ಡ್ರೈವಿನಲ್ಲಿ, ಮೂರು ಫೇಸುಗಳ ಪರ್ಯಾಯ ವಿದ್ಯುತ್ತು ಮೊದಲು ಡಯೋಡುಗಳ ಮೂಲಕ ಹಾದು ನೇರ ವಿದ್ಯುತ್ತಾಗಿ ಕೆಪಾಸಿಟರುಗಳಲ್ಲಿ ಸಂಚಯಗೊಂಡು, ಅನಂತರ ಆರು ಶಕ್ತಿ ಟ್ರಾನ್ಸಿಸ್ಟರುಗಳ ಕ್ಷಿಪ್ರವಾದ ತೆರೆ-ಮುಚ್ಚಾಟದಿಂದ ಬೇಕಾದ ಆವೃತ್ತಿಯ ಪರ್ಯಾಯ ವಿದ್ಯುತ್ತಾಗಿ ಪುನಃ ರೂಪು ತಳೆಯುತ್ತದೆ. ಮೇಲೊಂದು ಕೆಳಗೊಂದರಂತೆ ಮೂರು ಜೋಡಿಗಳಾಗಿ ನಿಂತಿರುವ ಈ ಟ್ರಾನ್ಸಿಸ್ಟರುಗಳ ನಡುವಿನಿಂದ ಯು, ವಿ, ಡಬ್ಲ್ಯು ಎಂಬ ತುದಿಗಳು ಮೋಟಾರಿಗೆ ಹೊರಡುತ್ತವೆ. ಇಂದು ಈ ಸ್ಥಾನದಲ್ಲಿ ಬಹುಮಟ್ಟಿಗೆ ಇರುವುದು ಐಜಿಬಿಟಿ (ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್). 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಇದನ್ನು ಬೆಳೆಸಿದವರಲ್ಲಿ ಅಗ್ರಗಣ್ಯರಾದ ಬಂಟ್ವಾಳ ಜಯಂತ ಬಾಳಿಗರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಾಲ್ಯವನ್ನು ಕಳೆದವರು.

ಮೀಟರನ್ನು ಕೈಗೆತ್ತಿಕೊಳ್ಳುವ ಮುನ್ನ ಪಾಲಿಸತಕ್ಕ ನಿಯಮವೊಂದುಂಟು. 415 ವೋಲ್ಟಿನ ಸರಬರಾಜಿನಿಂದ ಕೆಪಾಸಿಟರುಗಳಲ್ಲಿ ನಿಲ್ಲುವ ಒತ್ತಡ ಸುಮಾರು 580 ವೋಲ್ಟುಗಳಷ್ಟಿದ್ದು, ಸ್ವಿಚ್ಚನ್ನು ಆರಿಸಿದ ಮೇಲೂ ಅದು ಮಾರಣಾಂತಿಕವಾಗಿಯೇ ಉಳಿದಿರುವುದರಿಂದ, ತಯಾರಕರು ವಿಧಿಸಿದಷ್ಟು ನಿಮಿಷ ಕಾದು, ಧನ ಮತ್ತು ಋಣ ತುದಿಗಳ ನಡುವಣ ಒತ್ತಡ ಇಳಿದಿರುವುದನ್ನು ಅದೇ ಮೀಟರಿನಿಂದ ಅಳೆದು ನೋಡಿಕೊಂಡೇ ಮುಂದುವರಿಯತಕ್ಕದ್ದು. ಮೋಟಾರಿನ ತಂತಿಗಳನ್ನೂ ಬಿಚ್ಚಬೇಕು; ಇಲ್ಲದಿದ್ದರೆ ಸುರುಳಿಗಳ ಅಲ್ಪ ರೋಧದ ಮೂಲಕ ಮೂರು ತುದಿಗಳೂ ಒಂದಾಗಿ, ಒಂದು ಜೋಡಿಯ ದೋಷ ಮೂರರಲ್ಲೂ ಕಾಣಿಸಿ ಪರೀಕ್ಷಕನನ್ನು ದಾರಿ ತಪ್ಪಿಸುತ್ತದೆ.

ಡಿಜಿಟಲ್ ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಯ ಸ್ಥಾನಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಋಣ ತುದಿಗೂ ಕಪ್ಪನ್ನು ಕ್ರಮವಾಗಿ ಯು, ವಿ, ಡಬ್ಲ್ಯುಗಳಿಗೂ ಮುಟ್ಟಿಸಿದರೆ ಕೆಳಗಿನ ಮೂರರ, ಕಪ್ಪನ್ನು ಧನ ತುದಿಯಲ್ಲಿರಿಸಿ ಕೆಂಪನ್ನು ಮೂರಕ್ಕೂ ಮುಟ್ಟಿಸಿದರೆ ಮೇಲಿನ ಮೂರರ ಅಳತೆ ದೊರೆಯುತ್ತದೆ. ಸಾಮಾನ್ಯವಾಗಿ ಇದು 0.3ರಿಂದ 0.5 ವೋಲ್ಟಿನ ಆಸುಪಾಸಿನಲ್ಲಿದ್ದು, ಕಡ್ಡಿಗಳನ್ನು ಅದಲುಬದಲು ಮಾಡಿದಾಗ ಮೀಟರು ಪ್ರವಾಹವಿಲ್ಲವೆಂದು ಸೂಚಿಸಬೇಕು. ಆ ವೇಳೆ ಅಂಕಿ ಮೆಲ್ಲಮೆಲ್ಲನೆ ಏರುತ್ತ ಹೋದರೆ ಅದು ಕೆಪಾಸಿಟರು ತುಂಬಿಕೊಳ್ಳುತ್ತಿರುವುದರ ಲಕ್ಷಣವೇ ಹೊರತು ದೋಷವಲ್ಲ. ಅಂಕಿಯ ನಿಖರ ಮೌಲ್ಯಕ್ಕಿಂತ ಆರು ಅಂಕಿಗಳ ಪರಸ್ಪರ ಸಾಮ್ಯವೇ ಇಲ್ಲಿ ಹೆಚ್ಚಿನ ಪ್ರಮಾಣ: ಐದು ಒಂದೇ ತೆರನಾಗಿದ್ದು ಆರನೆಯದು ಭಿನ್ನವಾಗಿದ್ದರೆ ಸಂಶಯಕ್ಕೆ ಆಸ್ಪದವಾಯಿತು, ಎರಡು ದಿಕ್ಕಿನಲ್ಲೂ ಸೊನ್ನೆಯ ಸಮೀಪ ಬಂದರೆ ‘ಡೆಡ್ ಶಾರ್ಟ್’ ಎಂದು ಮೆಕ್ಯಾನಿಕ್ಕುಗಳು ತೀರ್ಪು ಕೊಡುತ್ತಾರೆ. (ಹಳೆಯ ಮುಳ್ಳಿನ ಮೀಟರುಗಳಲ್ಲಿ ಓಮ್ ಅಳೆಯುವಾಗ ಬಹುಮಟ್ಟಿಗೆ ಕಪ್ಪು ಕಡ್ಡಿಯೇ ಧನವಾಗಿರುವುದರಿಂದ, ಅವುಗಳಿಗೆ ಒಗ್ಗಿದ ಕೈ ಮೊದಲಲ್ಲಿ ತಬ್ಬಿಬ್ಬಾಗುವುದುಂಟು.)

ಆದರೆ ಈ ಪರೀಕ್ಷೆಯಲ್ಲಿ ಮೀಟರು ಕಾಣುವುದು ಟ್ರಾನ್ಸಿಸ್ಟರನ್ನಲ್ಲ, ಅದಕ್ಕೆ ಎದುರುಮುಖವಾಗಿ ಜೋಡಿಸಿರುವ ಡಯೋಡನ್ನು. ಮೀಟರು ‘ಸತ್ತಿದೆ’ ಎಂದರೆ ನಂಬಬಹುದು. ‘ಬದುಕಿದೆ’ ಎಂದರೆ ಅಷ್ಟು ಸುಲಭವಾಗಿ ನಂಬಲಾಗದು. ಟ್ರಾನ್ಸಿಸ್ಟರಿನ ಚಿಪ್ ಬೇರ್ಪಟ್ಟು ತಟಸ್ಥವಾಗಿದ್ದರೂ ಡಯೋಡು ಸರಿಯಾದ ಅಂಕಿಯನ್ನೇ ಕೊಡಬಹುದು, ಮೀಟರಿನ ಕೆಲವೇ ವೋಲ್ಟುಗಳಿಗೆ ಜಗ್ಗದ ನಿರೋಧ ನೂರಾರು ವೋಲ್ಟುಗಳಿಗೆ ಸೋತು ಸೋರಬಹುದು. ಆದುದರಿಂದ ಟ್ರಾನ್ಸಿಸ್ಟರನ್ನು ನಿಯಂತ್ರಿಸುವ ಗೇಟು ಮತ್ತು ಅದರ ಪ್ರವಾಹ ಹೊರಬೀಳುವ ಎಮಿಟರುಗಳ ನಡುವಣ ರೋಧವನ್ನೂ ನೋಡುವುದು ಅವಶ್ಯಕ: ಈ ಟ್ರಾನ್ಸಿಸ್ಟರುಗಳನ್ನು ಒಳಗೊಂಡ, ಮಂಡಲದಿಂದ ಕಳಚಿದ ಮಾಡ್ಯೂಲಿನಲ್ಲಿ ಇಲ್ಲಿ ಪ್ರವಾಹ ಹರಿಯಕೂಡದು, ಕೆಲವೇ ಓಮುಗಳು ಕಂಡರೆ ಗೇಟು ಹಾಳಾಗಿದೆ, ಅದರೊಡನೆ ಅದನ್ನು ನಡೆಸುವ ಫಲಕವೂ ಸುಟ್ಟಿರುವ ಸಂಭವವುಂಟು.

ಟ್ರಾನ್ಸಿಸ್ಟರು ನಿಜಕ್ಕೂ ತೆರೆದುಕೊಳ್ಳುವುದೇ ಎಂದು ನೋಡಲು ಗೇಟಿಗೆ ಸುಮಾರು 5–6 ವೋಲ್ಟು ಬೇಕಾಗಿದ್ದು, ಡಯೋಡ್ ಪರೀಕ್ಷೆಯಲ್ಲಿ ಮೀಟರು ಸಾಮಾನ್ಯವಾಗಿ ಅಷ್ಟನ್ನು ಒದಗಿಸದಿರುವುದರಿಂದ, 9 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ನೆರವಿಗೆ ಬರುತ್ತದೆ. ಅದರ ಧನವನ್ನು ಗೇಟಿಗೂ ಋಣವನ್ನು ಎಮಿಟರಿಗೂ ಕ್ಷಣಕಾಲ ಮುಟ್ಟಿಸಿ, ಪ್ರವಾಹ ಒಳಬರುವ ಕಲೆಕ್ಟರಿಗೆ ಕೆಂಪು, ಎಮಿಟರಿಗೆ ಕಪ್ಪು ಕಡ್ಡಿಯನ್ನಿರಿಸಿದರೆ ಪ್ರವಾಹ ಹರಿದದ್ದು ಕಾಣುವುದು. ಬ್ಯಾಟರಿಯನ್ನು ತೆಗೆದರೂ ಗೇಟು ತನ್ನಲ್ಲಿ ಉಳಿದ ವಿದ್ಯುದಂಶದ ಬಲದಿಂದ ತೆರೆದೇ ಇದ್ದು, ಗೇಟನ್ನೂ ಎಮಿಟರನ್ನೂ ಪರಸ್ಪರ ಕೂಡಿಸಿದಾಗ ಮುಚ್ಚಿಕೊಳ್ಳುತ್ತದೆ.

ಒಂದೇ ಜೋಡಿಯ ಮೇಲು-ಕೆಳಗಿನವೆರಡೂ ಏಕಕಾಲಕ್ಕೆ ತೆರೆದರೆ ಕೆಪಾಸಿಟರುಗಳ ಸಮಸ್ತ ಶಕ್ತಿ ಅವೆರಡರ ಮೂಲಕವೇ ಧುಮುಕುವುದರಿಂದ, ಹೊಸ ಮಾಡ್ಯೂಲನ್ನು ಕೂಡಿಸಿದ ಕೂಡಲೇ ಪೂರ್ಣ ವಿದ್ಯುತ್ತನ್ನು ಹರಿಸುವುದು ಅವಿವೇಕ. ಅನುಭವಿಗಳು ನೇರ ವಿದ್ಯುತ್ತಿನ ದಾರಿಯಲ್ಲಿ ತಂತಿಯೆಳೆಯ ಬಲ್ಬುಗಳನ್ನು, ಒತ್ತಡವನ್ನು ತಾಳುವಂತೆ ಎರಡು ಮೂರನ್ನು ಸಾಲಾಗಿ ಸೇರಿಸಿ, ಸರಣಿಯಲ್ಲಿಟ್ಟು ಮೊದಲ ಬಾರಿ ಡ್ರೈವನ್ನು ಎಬ್ಬಿಸುತ್ತಾರೆ. ಎಲ್ಲವೂ ಸರಿಯಿದ್ದರೆ ಅವು ಒಮ್ಮೆ ಮಿನುಗಿ ಕಂದುತ್ತವೆ, ದೋಷವುಳಿದಿದ್ದರೆ ಝಗ್ಗನೆ ಉರಿದು ನಿಲ್ಲುತ್ತವೆ.